774 ದಿನ, ದಿನಕ್ಕೊಂದು ಡಬ್ಬಿ

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ‘ದಿನಕ್ಕೊಂದು ಕ್ಯಾಶ್ ಹುಡುಕಿದ ಕಥೆ’ ಅಂತ ನಮ್ಮ ಕನ್ನಡ ಕೂಟದ ಗುಂಪಿನಲ್ಲಿ ಇವತ್ತಿನ ಮಾತಿನ ಸುದ್ದಿ ಹಾಕಿದ ಮೇಲೆ ಮೂರು ಜನ ಫೋನ್ ಮಾಡಿ, ಎಲ್ಲಿ ಸಿಗುತ್ತೆ ನಮಗೂ ಹೇಳಿ ಅಂದರು. ಇದು ದುಡ್ಡಿನ ಕ್ಯಾಶ್ ಅಲ್ಲ. ಜಿಯೋಕ್ಯಾಶಿಂಗ್ ಅನ್ನುವ ಆಟದಲ್ಲಿ ಬಚ್ಚಿಟ್ಟ ಡಬ್ಬಿ. ಇವತ್ತು ನಾನು ಡಬ್ಬಿ ಅಂತಲೇ ಕರೆಯುತ್ತೇನೆ, ಯಾರಿಗೂ ಸುಮ್ನೆ ಆಸೆ ಹುಟ್ಟುವುದು ಬೇಡ.

ನೋಡಿ, ಇದು ಅಂಥ ಒಂದು ಡಬ್ಬಿ. ಹಳೇ ಕ್ಯಾಮೆರಾಕ್ಕೆ ಫಿಲ್ಮ್ ರೋಲ್ ಬರುತ್ತಿತ್ತಲ್ಲ, ಅದು. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಆಮೇಲೆ ಕೈಗೆ ಕೊಡುತ್ತೇನೆ. ಒಳಗೆ ಸುರುಳಿ ಸುತ್ತಿದ ಚೀಟಿ. ಯಾರೋ ಇದನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಜಿಯೋಕ್ಯಾಶಿಂಗ್ ಸೈಟಿನಲ್ಲಿ ಹಾಕುತ್ತಾರೆ. ನೀವು ಫೋನ್ ಹಿಡಿದು ಹೋಗಿ ಹುಡುಕಬೇಕು. ಸಿಕ್ಕರೆ ಚೀಟಿಯಲ್ಲಿ ನಿಮ್ಮ ಆಟದ ಹೆಸರು, ತಾರೀಖು ಬರೆದು, ಇದ್ದ ಹಾಗೇ ಇಟ್ಟು ಬರಬೇಕು. ಮನೆಗೆ ಬಂದು ಆ್ಯಪ್‌ನಲ್ಲಿ ‘ಸಿಕ್ಕಿತು’ ಅಂತ ಹಾಕಬೇಕು. ಆಟ ಇಷ್ಟೇ.

ಈ ಆಟ ಹುಟ್ಟಿದ್ದು ನಮ್ಮ ಪಕ್ಕದಲ್ಲೇ, ಈ ಒರೆಗಾನ್ ರಾಜ್ಯದಲ್ಲೇ ಅನ್ನುವುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಜಿಪಿಎಸ್ ಅಮೆರಿಕದ ಸೇನೆಯದು. ಸಾಮಾನ್ಯ ಜನಕ್ಕೆ ಸಿಗುವ ಸಿಗ್ನಲ್ಲನ್ನು ಅವರು ಬೇಕಂತಲೇ ಕೆಡಿಸಿ ಕೊಡುತ್ತಿದ್ದರು. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. 2000ನೇ ಇಸವಿ ಮೇ ತಿಂಗಳ ಮೊದಲ ದಿನ ಆಗಿನ ಅಧ್ಯಕ್ಷ ಕ್ಲಿಂಟನ್ ಇನ್ನು ಕೆಡಿಸುವುದಿಲ್ಲ ಅಂತ ಘೋಷಿಸಿದರು. ಒಂದೇ ರಾತ್ರಿಯಲ್ಲಿ ಎಲ್ಲರ ಕೈಯ ಜಿಪಿಎಸ್ ಹತ್ತು ಪಟ್ಟು ಚುರುಕಾಯಿತು. ಮೇ 3ರಂದು ಡೇವ್ ಉಲ್ಮರ್ ಅನ್ನುವವರು ಇದನ್ನು ಪರೀಕ್ಷೆ ಮಾಡೋಣ ಅಂತ ಇಲ್ಲೇ ಬೀವರ್‌ಕ್ರೀಕ್ ಹತ್ತಿರ ರಸ್ತೆ ಬದಿ ಒಂದು ಕಪ್ಪು ಬಕೆಟ್ ಹುಗಿದಿಟ್ಟರು. ಒಳಗೆ ಕೆಲವು ಡಾಲರ್ ನೋಟು, ಒಂದು ಕವಣೆಯ ಹಿಡಿ, ಒಂದು ಬೀನ್ಸ್ ಡಬ್ಬಿ ಇತ್ಯಾದಿ. ಜಾಗದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಕೆಲವೇ ದಿನಗಳಲ್ಲಿ ವಾಷಿಂಗ್ಟನ್ ರಾಜ್ಯದ ಮೈಕ್ ಟೀಗ್ ಬಂದು ಹುಡುಕಿಯೂ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೈಟ್ ಶುರುವಾದಾಗ ಜಗತ್ತಿನಲ್ಲಿ ಇದ್ದದ್ದು 75 ಡಬ್ಬಿ. ಈಗ 30 ಲಕ್ಷಕ್ಕೂ ಜಾಸ್ತಿ. ಆ ಬಕೆಟ್ ಇದ್ದ ಜಾಗದಲ್ಲಿ ಈಗ ಒಂದು ಫಲಕ ಹಾಕಿದ್ದಾರೆ. ಹಿಲ್ಸ್‌ಬರೋದಿಂದ ಕಾರಿನಲ್ಲಿ ಒಂದು ಗಂಟೆ, ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಇನ್ನು ನನ್ನ ಕಥೆ. 2019ರ ಜನವರಿ 1ರಂದು ಮಗಳನ್ನು ಮನೆಯಿಂದ ಹೊರಗೆ ಎಳೆಯಲು ಒಂದು ನೆಪ ಬೇಕಿತ್ತು. ಅವಳಿಗೆ ಆಗ ಎಂಟು ವರ್ಷ. ಒಂದು ಡಬ್ಬಿ ಹುಡುಕಿದೆವು. ಮರುದಿನವೂ ಹೋದೆವು. ಮೂರು ವಾರ ಕಳೆದ ಮೇಲೆ ಸೈಟಿನಲ್ಲಿ ನಮ್ಮ ಲೆಕ್ಕದ ಪುಟ ತೆರೆದರೆ ಅಲ್ಲೊಂದು ಸಾಲು ಕಂಡಿತು: ಸತತವಾಗಿ 21 ದಿನ. ಅದರ ಪಕ್ಕದಲ್ಲೇ, ಒಂದೂ ಡಬ್ಬಿ ಸಿಗದೆ ಕಳೆದ ಅತಿ ಉದ್ದದ ಅವಧಿ ಎಷ್ಟು ಅಂತಲೂ ಬರೆದಿರುತ್ತದೆ. ಹೊಗಳಿಕೆಯನ್ನೂ ಬೈಗುಳವನ್ನೂ ಒಟ್ಟಿಗೆ ಕೊಡುವ ಪುಟ ಅದು. ಆವತ್ತು ನನಗೆ ಹುಚ್ಚು ಹತ್ತಿತು.

ಇಂಥ ಸರಣಿಗೆ ಸ್ಟ್ರೀಕ್ ಅನ್ನುತ್ತಾರೆ. ಕೇಳಿದವರೆಲ್ಲ, ‘ದಿನಾ ಹುಡುಕೋದು ಕಷ್ಟ ಅಲ್ವಾ?’ ಅನ್ನುತ್ತಾರೆ. ಹುಡುಕುವುದು ಕಷ್ಟ ಅಲ್ಲ. ಹುಡುಕದೆ ಬಿಡುವುದು ಕಷ್ಟ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಸಾಗರದ ಕಡೆ. ಮಲೆನಾಡಿನವರು ಇಲ್ಲಿ ಇದ್ದರೆ ನಿಮಗೆ ಗೊತ್ತು, ಮಳೆ ಹಿಡಿಯುವ ಮುಂಚೆ ಸೌದೆ ಕೊಟ್ಟಿಗೆ ತುಂಬಬೇಕು. ಬೇಸಿಗೆಯಲ್ಲಿ ಅಮ್ಮ ಒಳ್ಳೆ ಸೌದೆ ಮುಟ್ಟಲು ಬಿಡುತ್ತಿರಲಿಲ್ಲ. ಆಗ ಒಲೆಗೆ ಹೋಗುತ್ತಿದ್ದದ್ದು ತೋಟದಿಂದ ಹೊತ್ತು ತಂದ ಅಡಿಕೆ ಸೋಗೆ, ತೆಂಗಿನ ಗರಿ, ಕಡ್ಡಿ ಕಸ. ಕೈಗೆ ಸಿಗುವಲ್ಲೇ ಒಣಗಿದ ಸೌದೆ ಇದ್ದರೂ ತೋಟಕ್ಕೆ ಹೋಗಿ ಸೋಗೆ ಎಳೆದು ತರಬೇಕು. ಕೇಳಿದರೆ, ‘ಅದು ಆಷಾಢಕ್ಕೆ’ ಅನ್ನುತ್ತಿದ್ದರು.

ಸ್ಟ್ರೀಕ್ ಅಂದರೆ ಅದೇ ಸೌದೆ ಕೊಟ್ಟಿಗೆ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ದೂರ ಇರಬೇಕು ಅಂತ ನಿಯಮ ಇದೆ, ಮೈಲಿಯ ಹತ್ತನೇ ಒಂದು ಭಾಗ. ಹಾಗಾಗಿ ಮನೆ ಸುತ್ತ ಎಷ್ಟು ಹಿಡಿಯುತ್ತದೋ ಅಷ್ಟೇ. ಒಂದು ಡಬ್ಬಿಯನ್ನು ಒಬ್ಬರು ಒಂದೇ ಸಲ ಲೆಕ್ಕಕ್ಕೆ ಹಿಡಿಯಬಹುದು. ಆ ಜನವರಿಯಲ್ಲಿ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಒಳಗೆ 41 ಡಬ್ಬಿ ಇದ್ದವು. ಬೇರೆ ಆಟಗಾರರು ಎರಡು ಶನಿವಾರದಲ್ಲಿ ಗುಡಿಸಿ ಹಾಕುತ್ತಾರೆ. ನೆವಾಡಾದಲ್ಲಿ ಒಂದು ಹೆದ್ದಾರಿ ಇದೆ, ಅಲ್ಲಿ 161 ಮೀಟರಿಗೊಂದರ ಹಾಗೆ ಸಾವಿರಕ್ಕೂ ಜಾಸ್ತಿ ಡಬ್ಬಿ ಸಾಲಾಗಿ ಇಟ್ಟಿದ್ದಾರೆ. ಕಾರಿನಿಂದ ಇಳಿ, ಬರಿ, ಹತ್ತು. ಒಂದೇ ದಿನದಲ್ಲಿ ನೂರಾರು ಬಾಚಿಕೊಳ್ಳುವವರಿದ್ದಾರೆ. ಆದರೆ ಸ್ಟ್ರೀಕಿನವರಿಗೆ ನೂರು ಸಿಕ್ಕರೂ ಲೆಕ್ಕ ಒಂದೇ ದಿನ. ಉಳಿದ ತೊಂಬತ್ತೊಂಬತ್ತು ಮಳೆಯಲ್ಲಿ ನೆನೆದ ಸೌದೆ.

ಹಾಗಾಗಿ ನಾನು ಒಂದು ನೋಟ್‌ಬುಕ್ ಇಟ್ಟೆ. ಹವೆ ಚೆನ್ನಾಗಿದ್ದ ದಿನ ದೂರ ಹೋಗಬೇಕು, ಹತ್ತಿರದ್ದು ಮುಟ್ಟಬಾರದು. ಆಫೀಸಿನ ದಾರಿಯಲ್ಲಿ ಇರುವವನ್ನು ಮೀಟಿಂಗ್ ಜಾಸ್ತಿ ಇರುವ ದಿನಕ್ಕೆ ಬರೆದಿಟ್ಟುಕೊಂಡೆ. ಮನೆಯಿಂದ ಎರಡು ಬೀದಿ ಆಚೆ ಒಂದು ಇತ್ತು. ಹಸಿರು ಬಣ್ಣದ ಕರೆಂಟ್ ಪೆಟ್ಟಿಗೆಯ ಹಿಂದೆ ಅಯಸ್ಕಾಂತದಿಂದ ಅಂಟಿಸಿದ ಕೀ ಡಬ್ಬಿ. ಚಪ್ಪಲಿ ಹಾಕಿಕೊಂಡು ನಾಲ್ಕು ನಿಮಿಷ. ಅದಕ್ಕೆ ‘ಜ್ವರದ ಡಬ್ಬಿ’ ಅಂತ ಹೆಸರಿಟ್ಟೆ. ಏಳಲಾಗದಷ್ಟು ಜ್ವರ ಬಂದ ದಿನಕ್ಕೆ ಅದು. ಎರಡು ವರ್ಷ ದಿನಾ ಅದರ ಮುಂದೆಯೇ ನಾಯಿ ಕರೆದುಕೊಂಡು ಓಡಾಡಿದೆ. ಒಮ್ಮೆಯೂ ಕೈ ಹಾಕಲಿಲ್ಲ.

ಹೊಸ ಡಬ್ಬಿ ಬಂದರೆ ಮೊದಲು ಹುಡುಕಿದವರು ಯಾರು ಅನ್ನುವುದಕ್ಕೆ ಇಲ್ಲಿ ದೊಡ್ಡ ಪೈಪೋಟಿ. ಬೆಳಗಿನ ಜಾವ ನೈಟ್ ಡ್ರೆಸ್ಸಿನಲ್ಲೇ ಕಾರು ತೆಗೆಯುವವರಿದ್ದಾರೆ. ನನಗೆ ಸುದ್ದಿ ಬಂದರೆ ನೋಟ್‌ಬುಕ್ಕಿನಲ್ಲಿ ಬರೆದು ಮಲಗುತ್ತಿದ್ದೆ. ಬ್ಯಾಂಕಿಗೆ ದುಡ್ಡು ಬಿದ್ದ ಹಾಗೆ.

ಇನ್ನೊಂದು ಬಗೆ ಇದೆ, ಅಡ್ವೆಂಚರ್ ಲ್ಯಾಬ್ ಅಂತ. ಅಲ್ಲಿ ಡಬ್ಬಿಯೇ ಇರುವುದಿಲ್ಲ. ಸಾಮಾನ್ಯವಾಗಿ ಐದು ಜಾಗ. ಒಂದೊಂದರಲ್ಲಿ ನಿಂತು ಪ್ರಶ್ನೆಗೆ ಉತ್ತರ ಕೊಟ್ಟರೆ ಒಂದೊಂದು ಲೆಕ್ಕ. ದಿನಕ್ಕೊಂದರಂತೆ ಐದು ದಿನ ಎಳೆಯಬಹುದು. ಡಬ್ಬಿ ಇಲ್ಲ, ಚೀಟಿ ಇಲ್ಲ, ಇದೆಂಥ ಹುಡುಕಾಟ ಅನ್ನುವ ಹಳಬರಿದ್ದಾರೆ. ನಾನು ಅದನ್ನು ಉಪ್ಪಿನಕಾಯಿ ಹಾಗೆ ಬಳಸಿದೆ. ಊಟ ಅದೇ ಆಗಬಾರದು, ಏನೂ ಇಲ್ಲದ ದಿನ ಇದ್ದರೆ ಸಾಕು.

ಒಂದು ರಾತ್ರಿಯ ಕಥೆ ಹೇಳಲೇಬೇಕು, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. 2019ರ ನವೆಂಬರ್. ಆಫೀಸಿನಲ್ಲಿ ರಿಲೀಸ್ ಇತ್ತು, ಹೊರಗೆ ಬಿದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ದಾರಿಯಲ್ಲಿದ್ದ ಒಂದು ಡಬ್ಬಿಗೆ ಹೋದೆ, ಸಿಗಲಿಲ್ಲ. ಇನ್ನೊಂದು ಬಸ್ ಸ್ಟಾಪಿನ ಬೆಂಚಿನದು, ಅದೂ ಇಲ್ಲ. ಉಳಿದದ್ದು ಒಂದು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್. ಇಲ್ಲಿನ ದೀಪದ ಕಂಬಗಳ ಬುಡದಲ್ಲಿ ಬೋಲ್ಟ್ ಮುಚ್ಚಲು ಚೌಕದ ಒಂದು ತಗಡಿನ ಹೊದಿಕೆ ಇರುತ್ತದಲ್ಲ, ಅದನ್ನು ಎತ್ತಬಹುದು ಅಂತ ನನಗೆ ಈ ಆಟಕ್ಕೆ ಬರುವವರೆಗೆ ಗೊತ್ತಿರಲಿಲ್ಲ. ಎತ್ತಿದರೆ ‘ಕ್ರ್ಯಾಂಯ್’ ಅಂತ ಇಡೀ ಊರಿಗೆ ಕೇಳುತ್ತದೆ. ಅಲ್ಲಿ ಹನ್ನೆರಡು ಕಂಬ. ಎಲ್ಲಾ ಒಂದೇ ಥರ. ಮಳೆ ಬೇರೆ. ಒಂಬತ್ತನೇ ಕಂಬದಲ್ಲಿ ಡಬ್ಬಿ ಸಿಕ್ಕಿತು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಚೀಟಿ ಬಿಚ್ಚಿದೆ. ಫೋನ್ ನೋಡಿದರೆ 12 ಗಂಟೆ 6 ನಿಮಿಷ.

ಏನು ಮಾಡಿದೆ ಅಂತೀರಿ? ಹಿಂದಿನ ದಿನದ ತಾರೀಖು ಬರೆದೆ. ಕಾರಿನಲ್ಲಿ ಕೂತು, ಪಾರ್ಕಿಂಗಿಗೆ ಬಂದದ್ದು ಹನ್ನೆರಡರ ಒಳಗೇ ತಾನೇ ಅಂತ ನನಗೆ ನಾನೇ ವಾದ ಮಾಡಿದೆ. ವಾದದಲ್ಲಿ ಗೆದ್ದೆ, ಎದುರಿಗೆ ಯಾರೂ ಇರಲಿಲ್ಲವಲ್ಲ.

ಆ ಡಿಸೆಂಬರ್‌ನಲ್ಲಿ ಊರಿಗೆ ಹೋಗುವುದಿತ್ತು. ಇಲ್ಲಿಂದ ಬೆಂಗಳೂರಿಗೆ ಹೋಗುವಾಗ ಒಂದು ತಾರೀಖು ಪೂರ್ತಿ ವಿಮಾನದ ಹೊಟ್ಟೆಗೆ ಹೋಗುತ್ತದೆ, ಯೋಚಿಸಿದ್ದೀರಾ? ಮಧ್ಯಾಹ್ನ ಪೋರ್ಟ್‌ಲೆಂಡ್ ಬಿಟ್ಟರೆ ಮರುದಿನ ಬೆಳಿಗ್ಗೆ ಯುರೋಪ್, ಅಲ್ಲಿಂದ ಇನ್ನೊಂದು ವಿಮಾನ, ಬೆಂಗಳೂರಲ್ಲಿ ಇಳಿಯುವಾಗ ಮಧ್ಯರಾತ್ರಿ ದಾಟಿರುತ್ತದೆ. ನಡುವಿನ ದಿನ ನೆಲಕ್ಕೆ ಕಾಲೇ ತಾಗುವುದಿಲ್ಲ. ಬರುವಾಗ ಆ ತೊಂದರೆ ಇಲ್ಲ, ನುಂಗಿದ್ದನ್ನು ವಾಪಸ್ ಕೊಡುತ್ತದೆ, ದಿನ ರಬ್ಬರಿನ ಹಾಗೆ ಹಿಗ್ಗುತ್ತದೆ. ಆಮೇಲೆ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ಬೆಂಗಳೂರಿಗೆ ಏರ್ ಇಂಡಿಯಾ ಹಾರಿತಲ್ಲ, ಪೈಲಟ್‌ಗಳೆಲ್ಲ ಹೆಂಗಸರೇ ಇದ್ದದ್ದು, ಉತ್ತರ ಧ್ರುವದ ಮೇಲೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ನನ್ನ ಕಣ್ಣು ಹೋದದ್ದು ಬೇರೆ ಕಡೆ. 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಇಳಿದರು. 10 ಎಲ್ಲಿ ಹೋಯಿತು?

ನಮ್ಮದು ಇಂಡಿಯನ್ ಪಾಸ್‌ಪೋರ್ಟ್. ಯುರೋಪಿನಲ್ಲಿ ಏರ್‌ಪೋರ್ಟಿನಿಂದ ಹೊರಗೆ ಕಾಲಿಡಬೇಕಾದರೆ ವೀಸಾ ಬೇಕು. ಫಿಲ್ಮ್ ಡಬ್ಬಿಯೊಳಗೆ ಹೆಸರು ಬರೆಯಲು ಮೂವರಿಗೂ ಷೆಂಗೆನ್ ವೀಸಾ ಮಾಡಿಸಿದೆ. ನಮ್ಮ ಯಜಮಾನರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ರಾತ್ರಿ ಇದ್ದೆವು. ಬಂದ ದಿನ ಒಂದು ಡಬ್ಬಿ, ಹೊರಡುವ ಬೆಳಿಗ್ಗೆ ಒಂದು. ಮಗಳು ಕಾಲುವೆ ನೋಡಿದಳು, ಹಾಗಾಗಿ ನಾನು ಬಚಾವ್.

ಬೆಂಗಳೂರಿನಲ್ಲಿ ಡಬ್ಬಿ ಕೆಲವು ಇವೆ. ನಮ್ಮೂರ ಕಡೆ ನನ್ನ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಪ್ರವಾಸಕ್ಕೆ ಬಂದವರು ಒಂದು ಇಟ್ಟು ಹೋಗೋಣ ಅಂದರೆ ಸೈಟಿನವರು ಒಪ್ಪುವುದಿಲ್ಲ, ಹತ್ತಿರದಲ್ಲಿ ಅದನ್ನು ನೋಡಿಕೊಳ್ಳುವವರು ಬೇಕು. ಚೀಟಿ ತುಂಬಿದರೆ, ಒದ್ದೆಯಾದರೆ ಬದಲಿಸಬೇಕಲ್ಲ. ಅದಕ್ಕೇ ನಮ್ಮ ಕಡೆ ಇಷ್ಟು ಕಡಿಮೆ.

ಹುಡುಕುವ ಅನುಭವವೂ ಬೇರೆ. ಇಲ್ಲಿ ಪೊದೆಗೆ ಕೈ ಹಾಕಿ ನಿಂತರೆ ಯಾರೂ ಏನೂ ಕೇಳುವುದಿಲ್ಲ. ಅನುಮಾನ ಬಂದರೆ ನೇರ ಪೊಲೀಸರಿಗೆ ಫೋನ್. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಊರಿನಲ್ಲಿ ಇಂಥ ಒಂದು ಡಬ್ಬಿಯನ್ನು ಬಾಂಬ್ ಅಂತ ತಿಳಿದು ಸಿಡಿಸಿಯೇ ಬಿಟ್ಟರು. ಬೆಂಗಳೂರಿನಲ್ಲಿ ನಾನು ಒಂದು ಪಾರ್ಕಿನ ಕಬ್ಬಿಣದ ಬೇಲಿ ತಡಕುತ್ತಿದ್ದೆ. ಎರಡು ನಿಮಿಷ ಆಗಿರಲಿಲ್ಲ, ಹೂ ಮಾರುವ ಅಮ್ಮ ಬಂದರು. ‘ಏನಮ್ಮ ಕಳ್ಕೊಂಡೆ?’ ಬಾಯಿಗೆ ಬಂದದ್ದು ಹೇಳಿಬಿಟ್ಟೆ, ‘ಕೀ.’ ಹಿಂದೆಯೇ ಒಬ್ಬ ಆಟೋದವರು ಇಳಿದರು. ಕಾಲೇಜು ಹುಡುಗ ಒಬ್ಬ ಬ್ಯಾಗ್ ಕೆಳಗಿಟ್ಟ. ನಾಲ್ಕು ಜನ ಇಲ್ಲದ ಕೀ ಹುಡುಕುತ್ತಿದ್ದೇವೆ. ಕೊನೆಗೆ ಆಟೋದವರು, ‘ಇಲ್ಲೊಂದು ಮಾತ್ರೆ ಡಬ್ಬಿ ಇದೆ ಮೇಡಂ, ಕೀ ಇಲ್ಲ’ ಅಂದರು. ಅಯ್ಯೋ ಅದೇ ಅಂತ ಎಲ್ಲ ಬಾಯಿ ಬಿಡಬೇಕಾಯಿತು. ಅವರು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಬರೀ ಚೀಟಿನಾ?’ ‘ಬರೀ ಚೀಟಿ.’ ಸ್ವಲ್ಪ ಯೋಚಿಸಿ, ‘ಪೆನ್ ಕೊಡಿ, ನಾನೂ ಹಾಕ್ತೀನಿ’ ಅಂದರು. ಹಾಕಿದರು, ಗಾಡಿ ನಂಬರಿನ ಸಮೇತ.

ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಆದರೆ ಆ ಸಲ ನಾನು ಸಾಗರಕ್ಕೆ ಹೋಗಲಿಲ್ಲ. ಹನ್ನೆರಡು ದಿನ ಬೆಂಗಳೂರಿನ ತಂಗಿ ಮನೆಯಲ್ಲೇ ಇದ್ದೆ. ಅಮ್ಮನೇ ತಾಳಗುಪ್ಪ ರೈಲಿನಲ್ಲಿ ರಾತ್ರಿ ಕೂತು ಬಂದರು, ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡು. ಎರಡನೇ ದಿನ ಕಾಫಿ ಕುಡಿಯುತ್ತಾ ಕೇಳಿದರು, ‘ನೀ ಸಾಗರಕ್ಕೆ ಬಂದ್ರೆ ಆ ಡಬ್ಬಿ ಓಡಿ ಹೋಗ್ತಿತ್ತಾ ಮಾರಾಯ್ತಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಾಲ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂತು, ಸ್ಟೇಟ್ ಪಾರ್ಕುಗಳು ಮುಚ್ಚಿದವು. ದೂರ ಹೋಗುವ ಹಾಗಿಲ್ಲ. ಕೂಡಿಟ್ಟ ಹತ್ತಿರದ ಡಬ್ಬಿಗಳು ಒಂದೊಂದೇ ಖರ್ಚಾದವು. ಸೆಪ್ಟೆಂಬರಿನಲ್ಲಿ ಕಾಡಿಗೆ ಬೆಂಕಿ. ಎಸ್ಟಕೇಡಾ ಊರನ್ನೇ ಖಾಲಿ ಮಾಡಿಸಿದರು. ಜಗತ್ತಿನ ದೊಡ್ಡ ಊರುಗಳಲ್ಲೆಲ್ಲ ಅತಿ ಕೆಟ್ಟ ಗಾಳಿ ಪೋರ್ಟ್‌ಲೆಂಡಿನದು ಅಂತ ಸುದ್ದಿ ಬರುತ್ತಿತ್ತು, ನೆನಪಿದೆಯಾ? ಹಗಲೇ ಕಿತ್ತಳೆ ಬಣ್ಣದ ಕತ್ತಲು. ಆ ದಿನಗಳಲ್ಲಿ ಕಾರಿನ ಗಾಜು ಏರಿಸಿ, ಮಾಸ್ಕ್ ಮೇಲೆ ಮಾಸ್ಕ್ ಹಾಕಿ, ಇಳಿದು ಮೂವತ್ತು ಸೆಕೆಂಡಿನಲ್ಲಿ ಬರೆದು ಓಡಿ ಬರುವಂಥವನ್ನು ಮಾತ್ರ ಆರಿಸಿದೆ. ಇದು ಆಟವಾ ಅಂತ ಕೇಳಿದರೆ, ಅಲ್ಲ. ಆ ಹೊತ್ತಿಗೆ ಅದು ಹಲ್ಲುಜ್ಜುವ ಹಾಗೆ ಆಗಿತ್ತು.

2021ರ ಫೆಬ್ರವರಿ 13, ಶನಿವಾರ. ಮಂಜಿನ ಮಳೆ ಬಂತಲ್ಲ, ಅದು. ಲಕ್ಷಗಟ್ಟಲೆ ಮನೆಗೆ ಕರೆಂಟ್ ಇರಲಿಲ್ಲ. ನಮ್ಮಲ್ಲಿ ಹಿಂದಿನ ರಾತ್ರಿಯಿಂದಲೇ ಕತ್ತಲು. ಪ್ರತಿ ಕಡ್ಡಿಯ ಸುತ್ತ ಹೆಬ್ಬೆರಳು ದಪ್ಪ ಗಾಜು ಕಟ್ಟಿದ ಹಾಗೆ. ಫರ್ ಮರದ ಕೊಂಬೆಗಳು ಪಟಾಕಿ ಹಾಗೆ ಸಿಡಿದು ಬೀಳುತ್ತಿದ್ದವು. ಕಾರಿನ ಬಾಗಿಲು ತೆರೆಯಲೇ ಇಲ್ಲ. ಸರಿ, ಇವತ್ತು ಜ್ವರದ ಡಬ್ಬಿ ಅಂದುಕೊಂಡೆ. ಮೂಲೆ ತಿರುಗಿದರೆ ಆ ಬೀದಿಗೆ ಅಡ್ಡ ಕರೆಂಟ್ ತಂತಿ ಹರಿದು ಬಿದ್ದಿದೆ. ವಾಪಸ್ ಬಂದೆ.

ಇನ್ನೊಂದು ಕಡೆ ಅರ್ಧ ಕಿಲೋಮೀಟರ್ ದೂರದ ಚಿಕ್ಕ ಪಾರ್ಕಿನಲ್ಲಿ, ಬೆಂಚಿನ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಮಗಳೂ ನಾನೂ ಬೂಟಿನ ಮೇಲೆ ಹಳೇ ಸಾಕ್ಸ್ ಎಳೆದುಕೊಂಡು ಹೊರಟೆವು, ಜಾರಬಾರದಲ್ಲ. ಅರ್ಧ ಕಿಲೋಮೀಟರಿಗೆ ಐವತ್ತು ನಿಮಿಷ. ಡಬ್ಬಿ ಸಿಕ್ಕಿತು. ಮುಚ್ಚಳ ಸೀಳಿತ್ತು, ಯಾವಾಗಲೋ ನೀರು ತುಂಬಿ ಈಗ ಕಲ್ಲಾಗಿತ್ತು. ಆ ಮಂಜುಗಡ್ಡೆಯ ನಡುವೆ ಚೀಟಿ, ಗಾಜಿನೊಳಗೆ ಮೀನು ಇಟ್ಟ ಹಾಗೆ ಕಾಣುತ್ತಿದೆ. ಅಕ್ಷರ ಕೂಡ ಓದಬಹುದು. ಬರೆಯುವುದು ಹೇಗೆ? ಮಗಳು, ‘ಮನೆಗೆ ತಗೊಂಡು ಹೋಗಿ ಗ್ಯಾಸ್ ಹತ್ರ ಇಡೋಣಮ್ಮ’ ಅಂದಳು. ಇದ್ದಲ್ಲೇ ಇಡಬೇಕು, ಅದು ನಿಯಮ, ಅಂತ ದೊಡ್ಡದಾಗಿ ಹೇಳಿದೆ. ಕೈಯಲ್ಲಿ ಹಿಡಿದು ಫೋಟೋ ತೆಗೆದೆ. ಫೋನಿನಲ್ಲಿ ಉಳಿದಿದ್ದ ಶೇಕಡಾ 9 ಚಾರ್ಜಿನಲ್ಲಿ ‘ಸಿಕ್ಕಿತು’ ಹಾಕಿದೆ. 775ನೇ ದಿನ.

ಏಪ್ರಿಲ್ 20ಕ್ಕೆ ಆ ಡಬ್ಬಿ ಇಟ್ಟವರಿಂದ ಒಂದು ಸಂದೇಶ ಬಂತು. ಅವರು ಡಬ್ಬಿ ಬದಲಿಸಿ, ಹಳೇ ಚೀಟಿ ಒಣಗಿಸಿ, ಹೆಸರುಗಳನ್ನು ತಾಳೆ ನೋಡಿದ್ದರು. ನನ್ನ ಹೆಸರಿಲ್ಲ. ಫೋಟೋ ಕಳಿಸಿದೆ. ಮಂಜು ಚೆನ್ನಾಗಿ ಬಂದಿದೆ ಅಂದರು, ಆದರೆ ಚೀಟಿಯಲ್ಲಿ ಹೆಸರಿಲ್ಲದೆ ಒಪ್ಪಲಾಗುವುದಿಲ್ಲ ಅಂತ ನನ್ನ ದಾಖಲೆ ಅಳಿಸಿದರು. ನಿಯಮ ಅವರ ಕಡೆಯೇ ಇದೆ. ಆ ಬೆಳಿಗ್ಗೆ 841 ಇದ್ದದ್ದು ಸಂಜೆಗೆ ಎರಡು ತುಂಡಾಯಿತು. ಅತಿ ಉದ್ದದ್ದು 774, ಈಗ ನಡೆಯುತ್ತಿರುವುದು 66.

ಸರಿ ಮಾಡುವುದು ತುಂಬಾ ಸುಲಭ ಇತ್ತು. ದಾಖಲೆಯ ತಾರೀಖು ನಾವೇ ಹಾಕುವುದು. 12ನೇ ತಾರೀಖು ನಾನು ಎರಡು ಡಬ್ಬಿ ಹುಡುಕಿದ್ದೆ, ಒಂದನ್ನು 13ಕ್ಕೆ ಜರುಗಿಸಿದರೆ ಮುಗಿಯಿತು. ಎರಡು ಸೆಕೆಂಡ್ ಕೆಲಸ. ನಮ್ಮ ಯಜಮಾನರೇ, ವೀಸಾ ದುಡ್ಡು ನೆನಪಾಯಿತೋ ಏನೋ, ‘ಮಾಡ್ಬಿಡೇ, ಯಾರು ನೋಡ್ತಾರೆ’ ಅಂದರು. ನಾನೇನು ಸತ್ಯಹರಿಶ್ಚಂದ್ರನ ವಂಶದವಳಲ್ಲ, ಪಾರ್ಕಿಂಗ್ ಕಂಬದ ಕಥೆ ನೀವೇ ಕೇಳಿದಿರಿ. ಆದರೆ 12ನೇ ತಾರೀಖಿನ ಎರಡೂ ಚೀಟಿಯಲ್ಲಿ ನನ್ನ ಕೈಬರಹದಲ್ಲೇ 12 ಅಂತ ಇದೆ. ಯಾವುದೋ ಬೇಲಿಯಲ್ಲಿ ಆ ಚೀಟಿ ಸುರುಳಿ ಸುತ್ತಿಕೊಂಡು ಕೂತಿದೆ ಅಂತ ನೆನೆದರೆ ಕೈ ಬರಲಿಲ್ಲ. ನವೆಂಬರಿನ ಚೀಟಿಯಲ್ಲಾದರೆ ಸುಳ್ಳನ್ನೂ ನಾನೇ ಬರೆದಿದ್ದೆ, ಎರಡೂ ತಾಳೆಯಾಗುತ್ತಿತ್ತು. ಕಟ್ಟುನಿಟ್ಟಾಗಿ ನೋಡಿದರೆ ಈ 774 ಕೂಡ ನನ್ನದಲ್ಲ. ಆದರೂ ಇವತ್ತಿನ ಮಾತಿಗೆ ಅದನ್ನೇ ಹೆಸರಿಟ್ಟಿದ್ದೇನೆ, ನೋಡಿ.

66ನ್ನು ಮುಂದುವರಿಸಲಿಲ್ಲ. ಆ ಬುಧವಾರ ಮನೆಯಲ್ಲೇ ಇದ್ದೆ. ಹನ್ನೊಂದು ಗಂಟೆಗೆ ಎದ್ದು ಚಪ್ಪಲಿ ಹುಡುಕಿದೆ, ಮತ್ತೆ ಕೂತೆ. ಭಾನುವಾರ ಮಗಳು ನನ್ನ ನೋಟ್‌ಬುಕ್ ತೆಗೆದು, ‘ಇದರಲ್ಲಿ ಇನ್ನೂ ಹದಿನಾಲ್ಕು ಇದೆಯಲ್ಲಾ, ಇನ್ನು ಯಾರಿಗೆ?’ ಅಂದಳು. ಹೌದಲ್ವಾ ಅನ್ನಿಸಿತು. ಬೆಳಿಗ್ಗೆಯಿಂದ ಸಂಜೆವರೆಗೆ ಬೆನ್ನು ಬೆನ್ನಿಗೆ ಹದಿಮೂರು ಹುಡುಕಿದೆವು. ಎರಡು ವರ್ಷ ಕೂಡಿಟ್ಟ ಸೌದೆ ಒಂದೇ ದಿನ ಒಲೆಗೆ. ಮಗಳಿಗೆ ಅಷ್ಟು ಖುಷಿಯಾದದ್ದು ನಾನು ಆಮ್‌ಸ್ಟರ್‌ಡ್ಯಾಮ್‌ನಲ್ಲೂ ನೋಡಿರಲಿಲ್ಲ.

ಕೊನೆಗೆ ಉಳಿದದ್ದು ಜ್ವರದ ಡಬ್ಬಿ. ಕತ್ತಲಾಗುತ್ತಿತ್ತು, ನಡೆದೇ ಹೋದೆವು. ಹಸಿರು ಪೆಟ್ಟಿಗೆಯ ಹಿಂದೆ ಕೈ ಹಾಕಿದೆ. ಮೇಲೆ, ಕೆಳಗೆ, ಮೂಲೆಯಲ್ಲಿ. ಮಗಳು ಟಾರ್ಚ್ ಬಿಟ್ಟಳು. ಅಯಸ್ಕಾಂತ ಅಂಟಿದ್ದ ಕಡೆ ತುಕ್ಕಿನ ಒಂದು ಚೌಕ ಇತ್ತು, ಅಷ್ಟೇ. ಆ್ಯಪ್ ತೆಗೆದು ‘ಸಿಗಲಿಲ್ಲ’ ಅಂತ ಹಾಕಿ ಮನೆಗೆ ಬಂದೆವು.